ರಾಜಿ ಮಾಡಿಸಿದವರು ಲೆಕ್ಕ ಕೊಡಬೇಡವೇ?

ದಾಂಪತ್ಯದಲ್ಲಿ ಬಿರುಕು ಕಾಣಿಸಿಕೊಂಡಾಗ ನಮ್ಮ ಪಟ್ಟಣಗಳ ಮುಸ್ಲಿಮ್ ಕುಟುಂಬಗಳು ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಇಬ್ಬರು ತಾಯಂದಿರ ನಡುವೆ ಫೋನು, ಬಳಿಕ ಹಿರಿಯರ ನಡುವೆ ಬಿರುಸಿನ ಮಾತು, ಅದೂ ಫಲಿಸದಿದ್ದಾಗ ಜಮಾಅತ್ ಕಚೇರಿಯ ಉದ್ದನೆಯ ಮೇಜು. ಇಶಾ ನಮಾಝ್‌ನ ಬಳಿಕ ನಾಲ್ಕೈದು ಮಂದಿ ಕುಳಿತು, ಎರಡೂ ಕಡೆಯ ದೂರುಗಳನ್ನು ಆಲಿಸಿ, ತಪ್ಪು ಯಾರದೆಂದು ತಮ್ಮೊಳಗೆ ತೀರ್ಮಾನಿಸಿ, ‘ಹೊಂದಿಕೊಂಡು ಹೋಗಿ’ ಎಂದು ಉಪದೇಶಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸಿ ಕಳುಹಿಸುತ್ತಾರೆ. ಹೊಂದಿಕೆ ಆಗದೆಂದು ಕಂಡರೆ ಅದೇ ಮೇಜಿನ ಮೇಲೆ ಬೇರೊಂದು ಕಾಗದ ಸಿದ್ಧವಾಗುತ್ತದೆ. ಎರಡು ಕಾಗದಗಳ ನಡುವೆ ಮೂರನೆಯ ಹಾದಿಯೊಂದಿದೆ ಎಂಬ ವಿಚಾರ ಆ ಕೋಣೆಯೊಳಗೆ ಪ್ರವೇಶಿಸುವುದೇ ಅಪರೂಪ.

ಆ ಮೂರನೆಯ ಹಾದಿಯ ಹೆಸರು ದಾಂಪತ್ಯ ಚಿಕಿತ್ಸೆ. ಅದರಲ್ಲಿಯೂ ಜಗತ್ತಿನಲ್ಲಿ ಹೆಚ್ಚು ಪರೀಕ್ಷೆಗೊಳಗಾಗಿರುವುದು ಅರಿವು-ವರ್ತನಾ ಚಿಕಿತ್ಸೆ ಅಥವಾ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಇದರ ಹೆಸರೆತ್ತಿದೊಡನೆ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಬರುತ್ತವೆ. ‘ಇದು ಪಾಶ್ಚಾತ್ಯರ ಸರಕು, ಮನೆಯ ಮಾತನ್ನು ಪರರ ಮುಂದೆ ಹರಡುವ ಕೆಲಸ’ ಎಂಬುದು ಒಂದು. ‘ಆರು ಭೇಟಿ ಸಾಕು, ಸಂಸಾರ ಸರಿಹೋಗುತ್ತದೆ’ ಎಂಬ ಫಲಕ ನೇತುಹಾಕಿ ಕುಳಿತವರ ಆಶ್ವಾಸನೆ ಇನ್ನೊಂದು. ಎರಡನ್ನೂ ನಾವು ಒಪ್ಪುವುದಿಲ್ಲ. ಮೊದಲನೆಯದು ಅಜ್ಞಾನ, ಎರಡನೆಯದು ವ್ಯಾಪಾರ. ಆದರೆ ನಮ್ಮ ಸಮುದಾಯಕ್ಕೆ ಹೆಚ್ಚು ನಷ್ಟ ಉಂಟುಮಾಡುತ್ತಿರುವುದು ಮೊದಲನೆಯದೇ ಆದುದರಿಂದ ಅದರ ಬಗ್ಗೆ ಹೆಚ್ಚು ಮಾತಾಡಬೇಕಾಗಿದೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಚಿಕಿತ್ಸೆಗಾಗಿ ಈ ಪದ್ಧತಿಯನ್ನು ರೂಪಿಸಿದರು. 2021ರಲ್ಲಿ ತಮ್ಮ ನೂರನೆಯ ವಯಸ್ಸಿನಲ್ಲಿ ತೀರಿಕೊಂಡ ಅವರು 1988ರಲ್ಲಿ ದಂಪತಿಗಳ ಕುರಿತೇ ಒಂದು ಪುಸ್ತಕ ಬರೆದರು. ಪ್ರೀತಿಯೊಂದೇ ಎಂದೂ ಸಾಲದು ಎಂಬುದೇ ಅದರ ಹೆಸರಿನ ಅರ್ಥ. ಘಟನೆಗಿಂತಲೂ ಆ ಘಟನೆಗೆ ನಾವು ಕೊಟ್ಟುಕೊಳ್ಳುವ ಅರ್ಥವೇ ನಮ್ಮನ್ನು ಹೆಚ್ಚು ಕೆರಳಿಸುತ್ತದೆ ಅಥವಾ ಕುಗ್ಗಿಸುತ್ತದೆ ಎಂಬುದು ಈ ಚಿಕಿತ್ಸೆಯ ತಿರುಳು.

ನಮ್ಮ ಮನೆಗಳಿಗೇ ಹೊಂದುವ ಉದಾಹರಣೆಯೊಂದನ್ನು ಊಹಿಸಿಕೊಳ್ಳೋಣ. ಪತಿ ದಮ್ಮಾಮ್‌ನಲ್ಲಿದ್ದಾನೆ, ಪತ್ನಿ ಊರಲ್ಲಿ ಅತ್ತೆಯ ಜೊತೆಗಿದ್ದಾಳೆ. ರಾತ್ರಿ ಆತ ವೀಡಿಯೊ ಕರೆ ಮಾಡುತ್ತಾನೆ, ಆಕೆ ಎತ್ತುವುದಿಲ್ಲ. ‘ಬೇಕೆಂದೇ ಎತ್ತಲಿಲ್ಲ, ನನ್ನ ದುಡ್ಡು ಬೇಕು, ನಾನು ಬೇಡ’ ಎಂದು ಆತನ ಮನಸ್ಸು ಒಂದು ಕ್ಷಣದಲ್ಲಿ ತೀರ್ಪು ಬರೆದುಬಿಡುತ್ತದೆ. ಮರುದಿನ ಆತ ಬಿಗಿಯಾಗಿ ಮಾತಾಡುತ್ತಾನೆ. ಮಗುವಿನ ಜ್ವರದಿಂದ ರಾತ್ರಿಯಿಡೀ ನಿದ್ದೆಗೆಟ್ಟಿದ್ದ ಆಕೆ, ‘ಇವರಿಗೆ ಸಂಶಯ ಬಿಟ್ಟರೆ ಬೇರೇನೂ ಇಲ್ಲ’ ಎಂದು ತೀರ್ಮಾನಿಸಿ ಮಾತು ಕಡಿಮೆ ಮಾಡುತ್ತಾಳೆ. ಆಕೆಯ ಮೌನ ಆತನ ಮೊದಲ ತೀರ್ಪಿಗೆ ಸಾಕ್ಷಿಯಾಗುತ್ತದೆ, ಆತನ ಬಿಗುಮಾನ ಆಕೆಯ ತೀರ್ಪಿಗೆ. ಆರು ತಿಂಗಳು ಕಳೆದಾಗ ಇಬ್ಬರ ಬಳಿಯಲ್ಲಿಯೂ ಪರಸ್ಪರರ ವಿರುದ್ಧ ದಪ್ಪನೆಯ ಕಡತವಿರುತ್ತದೆ. ಅದರಲ್ಲಿ ಪರಿಶೀಲನೆಗೆ ಒಳಪಟ್ಟ ಹಾಳೆ ಒಂದೂ ಇರುವುದಿಲ್ಲ. ಜಮಾಅತ್‌ನ ಮೇಜಿನ ಮುಂದೆ ಬರುವುದು ಈ ಕಡತ. ಹಿರಿಯರು ಅದನ್ನು ಓದಿ ತೀರ್ಪು ಕೊಡುತ್ತಾರೆ. ಚಿಕಿತ್ಸಕ ಮಾತ್ರ ಅದು ಹೇಗೆ ಬರೆಯಲ್ಪಟ್ಟಿತು ಎಂದು ಕೇಳುತ್ತಾನೆ.

ಕ್ಷಣಮಾತ್ರದಲ್ಲಿ ಹುಟ್ಟುವ ಈ ಯೋಚನೆಗಳನ್ನು ಗುರುತಿಸಲು, ಅವಕ್ಕೆ ಆಧಾರವೇನೆಂದು ತಮ್ಮನ್ನೇ ಕೇಳಿಕೊಳ್ಳಲು, ಬೇರೆ ಅರ್ಥ ಸಾಧ್ಯವೇ ಎಂದು ನೋಡಲು ಪತಿ-ಪತ್ನಿಯರಿಗೆ ಅಲ್ಲಿ ಅಭ್ಯಾಸ ಮಾಡಿಸಲಾಗುತ್ತದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ತಡೆಯದೆ ಕೇಳಿ, ಕೇಳಿದ್ದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳಬೇಕು. ಪರಸ್ಪರರಿಗೆ ಹಿತವಾಗುವ ಸಣ್ಣಪುಟ್ಟ ಕೆಲಸಗಳನ್ನು ವಾರಕ್ಕಿಷ್ಟು ಎಂದು ನಿಶ್ಚಯಿಸಿ ಮಾಡಬೇಕು. ಹಣ, ಮಕ್ಕಳು, ತವರುಮನೆ ಇತ್ಯಾದಿ ವಿಷಯಗಳಲ್ಲಿ ಒಂದೊಂದನ್ನೇ ಎತ್ತಿಕೊಂಡು ಪರಿಹಾರ ಹುಡುಕಬೇಕು. ಮನೆಗೆಲಸ ಕೊಟ್ಟು ಮುಂದಿನ ವಾರ ವಿಚಾರಿಸಲಾಗುತ್ತದೆ. ಇದರಲ್ಲಿ ಮಂತ್ರವೂ ಇಲ್ಲ, ಧರ್ಮವಿರೋಧವೂ ಇಲ್ಲ. ಅತಿಯಾದ ಸಂಶಯದಿಂದ ದೂರವಿರಬೇಕೆಂದು ಸೂರಃ ಅಲ್ ಹುಜುರಾತ್‌ನಲ್ಲಿ ಓದಿದವರಿಗೆ, ಪತ್ನಿಯ ಒಂದು ಗುಣ ಹಿಡಿಸದಿದ್ದರೆ ಇನ್ನೊಂದು ಗುಣ ಹಿಡಿಸೀತು ಎಂಬರ್ಥದ ಪ್ರವಾದಿ ವಚನವನ್ನು ಖುತುಬಾದಲ್ಲಿ ಕೇಳಿದವರಿಗೆ ಇದು ಅಪರಿಚಿತವೆನಿಸಲು ಕಾರಣವೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ಇದೆಲ್ಲಾ ನಮ್ಮಲ್ಲಿ ಮೊದಲೇ ಇತ್ತು’ ಎಂದು ಬೀಗುವುದು ನಮ್ಮ ಹಳೆಯ ಚಾಳಿ. ಇತ್ತು ಎಂಬುದು ನಿಜ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಆತ್ಮಗಳ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ ಭಯ, ದುಃಖ, ಕೋಪ, ಗೀಳು ಯೋಚನೆ ಇವುಗಳನ್ನು ಯೋಚನೆಯಿಂದಲೇ ಎದುರಿಸುವ ಬಗೆಯನ್ನು ವಿವರಿಸಿದ್ದಾರೆ. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ 2013ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದರು. ಆದರೆ ಹತ್ತನೆಯ ಶತಮಾನದ ವಿದ್ವಾಂಸನ ಹೆಸರನ್ನು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಿದವರು, ಇಪ್ಪತ್ತೊಂದನೆಯ ಶತಮಾನದ ಒಂದು ಜೋಡಿಯನ್ನಾದರೂ ಚಿಕಿತ್ಸಕರ ಬಳಿ ಕಳುಹಿಸಿದ್ದಾರೆಯೇ? ಬಲ್ಖೀ ಗ್ರಂಥ ಬರೆದದ್ದು ಓದುಗ ಅದನ್ನು ಬಳಸಲಿ ಎಂದು. ಅವರ ಹೆಸರು ನಮ್ಮ ಹೆಮ್ಮೆಯ ಪಟ್ಟಿಯಲ್ಲಿ ಸೇರಲಿ ಎಂದಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಚಿಕಿತ್ಸೆ ಫಲ ಕೊಡುತ್ತದೆಯೇ?

ಕೊಡುತ್ತದೆ, ಆದರೆ ಫಲಕ ನೇತುಹಾಕಿದವರು ಹೇಳುವಷ್ಟಲ್ಲ. ವಿಲಿಯಂ ಶಾಡಿಶ್ ಮತ್ತು ಸ್ಕಾಟ್ ಬಾಲ್ಡ್‌ವಿನ್ 2005ರಲ್ಲಿ ವರ್ತನಾ ದಾಂಪತ್ಯ ಚಿಕಿತ್ಸೆಯ 30 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಚಿಕಿತ್ಸೆ ಪಡೆದ ಸರಾಸರಿ ಜೋಡಿಯ ಸ್ಥಿತಿ, ಚಿಕಿತ್ಸೆ ಪಡೆಯದ ಜೋಡಿಗಳಲ್ಲಿ ಶೇ. 72ರಷ್ಟು ಮಂದಿಗಿಂತ ಉತ್ತಮವಾಗಿತ್ತು. ಇದು ಸಣ್ಣ ಲಾಭವಲ್ಲ. ಆದರೆ ಲಾಭವಾಯಿತು ಎಂಬುದೂ ಸಂಸಾರ ಸುಖವಾಯಿತು ಎಂಬುದೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಬಯಲಿಗೆಳೆದವರು ಬೇರಾರೂ ಅಲ್ಲ, ಈ ಚಿಕಿತ್ಸೆಯನ್ನು ಬೆಳೆಸಿದವರಲ್ಲಿ ಅಗ್ರಗಣ್ಯರಾದ ನೀಲ್ ಜೇಕಬ್‌ಸನ್. ಅವರು 1984ರಲ್ಲಿ ತಮ್ಮ ಮತ್ತು ಇತರರ ಹಳೆಯ ಪ್ರಯೋಗಗಳ ಅಂಕಿಗಳನ್ನು ಮತ್ತೆ ತೆರೆದು ನೋಡಿದರು. ಅರ್ಧಕ್ಕಿಂತ ತುಸು ಹೆಚ್ಚು ಜೋಡಿಗಳು ಸುಧಾರಿಸಿದ್ದವು. ಆದರೆ ಇಬ್ಬರೂ ನೆಮ್ಮದಿಯ ಮಟ್ಟಕ್ಕೆ ಮರಳಿದ್ದು ಮೂರನೇ ಒಂದರಷ್ಟು ಜೋಡಿಗಳಲ್ಲಿ ಮಾತ್ರ. 1987ರಲ್ಲಿ ಎರಡು ವರ್ಷದ ಹಿಂದಿನ ಜೋಡಿಗಳನ್ನು ಹುಡುಕಿ ವಿಚಾರಿಸಿದಾಗ, ಗುಣವಾದವರಲ್ಲಿ ಸುಮಾರು ಶೇ. 30 ಮಂದಿ ಮತ್ತೆ ಜಾರಿದ್ದರು. ತಮ್ಮ ವೃತ್ತಿಯ ಬುಡಕ್ಕೇ ಪೆಟ್ಟು ಕೊಡಬಲ್ಲ ಈ ಅಂಕಿಗಳನ್ನು ಅವರು ಮುಚ್ಚಿಡದೆ ಪ್ರಕಟಿಸಿದರು.

ಇನ್ನೂ ಕಟುವಾದ ಅಂಕಿಯೊಂದಿದೆ. ಡಗ್ಲಸ್ ಸ್ನೈಡರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ನಾಲ್ಕು ವರ್ಷಗಳ ಅನುಸರಣೆಯಲ್ಲಿ, ವರ್ತನಾ ಚಿಕಿತ್ಸೆ ಪಡೆದವರಲ್ಲಿ ಶೇ. 38 ಜೋಡಿಗಳು ವಿಚ್ಛೇದನ ಹೊಂದಿದ್ದರೆ, ಒಳನೋಟಕ್ಕೆ ಒತ್ತು ಕೊಡುವ ಬೇರೊಂದು ಚಿಕಿತ್ಸೆ ಪಡೆದವರಲ್ಲಿ ವಿಚ್ಛೇದನ ಶೇ. 3 ಮಾತ್ರ. ಆ ಪ್ರಯೋಗದ ಹೋಲಿಕೆ ಸರಿಯಾಗಿಲ್ಲವೆಂದು ಜೇಕಬ್‌ಸನ್ ವಾದಿಸಿದರು. ಚರ್ಚೆ ಬಿಸಿಯಾಗಿಯೇ ನಡೆಯಿತು. ಯೋಚನೆ ತಿದ್ದುವ ಭಾಗವನ್ನು ವರ್ತನಾ ಚಿಕಿತ್ಸೆಗೆ ಸೇರಿಸಿದರೆ ಫಲ ಹೆಚ್ಚುವುದೇ ಎಂದು ಡೊನಾಲ್ಡ್ ಬಾಕಮ್ ಪರೀಕ್ಷಿಸಿದಾಗ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದುದರಿಂದ ‘ಯೋಚನೆ ಬದಲಿಸಿ, ಬಾಳು ಬದಲಾಗುತ್ತದೆ’ ಎಂಬ ಘೋಷಣೆ ಕೇಳಿದಾಗ ಜೇಬು ಭದ್ರವಾಗಿದೆಯೇ ಎಂದು ನೋಡಿಕೊಳ್ಳುವುದು ಒಳಿತು.

ಈ ಸೋಲಿನಿಂದಲೇ ಮುಂದಿನ ಹೆಜ್ಜೆ ಹುಟ್ಟಿತು. ಬದಲಾಗದ ಸ್ವಭಾವಭೇದಗಳನ್ನು ಬದಲಿಸಲು ಹೆಣಗುವುದರ ಜೊತೆಗೆ ಅವನ್ನು ಸಹಿಸಿಕೊಳ್ಳುವ, ಅವುಗಳ ಹಿಂದಿನ ನೋವನ್ನು ಅರಿಯುವ ಅಭ್ಯಾಸವನ್ನೂ ಸೇರಿಸಿ ಜೇಕಬ್‌ಸನ್ ಮತ್ತು ಆಂಡ್ರೂ ಕ್ರಿಸ್ಟೆನ್‌ಸನ್ ಹೊಸ ಪದ್ಧತಿಯನ್ನು ರೂಪಿಸಿದರು. ಜೇಕಬ್‌ಸನ್ 1999ರಲ್ಲಿ ತೀರಿಕೊಂಡರು. ಲಾಸ್ ಏಂಜಲೀಸ್ ಮತ್ತು ಸಿಯಾಟಲ್ ನಗರಗಳಲ್ಲಿ, ದೀರ್ಘಕಾಲದಿಂದ ತೀವ್ರ ಕಲಹದಲ್ಲಿದ್ದ 134 ಜೋಡಿಗಳ ಮೇಲೆ ಹಳೆಯ ಮತ್ತು ಹೊಸ ಪದ್ಧತಿಗಳ ಪರೀಕ್ಷೆ ನಡೆಯಿತು. ಐದು ವರ್ಷಗಳ ಬಳಿಕ, 2010ರಲ್ಲಿ ಬಂದ ಲೆಕ್ಕ ಹೀಗಿತ್ತು: ಎರಡೂ ಪದ್ಧತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜೋಡಿಗಳು ಗಣನೀಯವಾಗಿ ಸುಧಾರಿಸಿದ್ದವು, ನಾಲ್ಕನೇ ಒಂದಕ್ಕಿಂತ ತುಸು ಹೆಚ್ಚು ಬೇರ್ಪಟ್ಟಿದ್ದವು. ಹೊಸದು ಹಳೆಯದನ್ನು ಸೋಲಿಸಿತು ಎನ್ನುವಂತಿರಲಿಲ್ಲ. ಆದರೂ ಗಮನಿಸಿ, ಇವರು ಮುರಿಯುವ ಅಂಚಿನಲ್ಲಿದ್ದ ಜೋಡಿಗಳು. ಅಂಚಿನಲ್ಲಿದ್ದವರಲ್ಲಿ ಅರ್ಧ ಮಂದಿ ಐದು ವರ್ಷಗಳ ನಂತರವೂ ಮೊದಲಿಗಿಂತ ಚೆನ್ನಾಗಿದ್ದಾರೆ ಎಂದರೆ ಅದನ್ನು ತಳ್ಳಿಹಾಕುವ ಧೈರ್ಯ ನಮಗಂತೂ ಇಲ್ಲ.

ಈಗ ನಮ್ಮ ಕಡೆ ತಿರುಗೋಣ. ನಮ್ಮ ಯಾವ ಜಮಾಅತ್, ತಾನು ರಾಜಿ ಮಾಡಿಸಿ ಕಳುಹಿಸಿದ ಜೋಡಿಯ ಮನೆಗೆ ಎರಡು ವರ್ಷದ ಬಳಿಕ ಹೋಗಿ ವಿಚಾರಿಸಿದೆ? ಐದು ವರ್ಷದ ಮಾತಂತೂ ಬೇಡ. ಸಹಿಯಾದ ಕಾಗದವನ್ನೇ ಯಶಸ್ಸೆಂದು ಎಣಿಸುವುದು ನಮ್ಮ ರೂಢಿ. ಆ ಹೆಣ್ಣುಮಗಳು ಮರಳಿ ಹೋಗಿ ಹೇಗಿದ್ದಾಳೆ, ಆ ಯುವಕನ ಎದೆಯೊಳಗಿನ ಕಡತ ಮುಚ್ಚಿತೇ ಅಥವಾ ಇನ್ನಷ್ಟು ದಪ್ಪವಾಯಿತೇ, ನಡುವೆ ಸಿಲುಕಿದ ಮಕ್ಕಳು ಏನು ಕಾಣುತ್ತಿದ್ದಾರೆ ಎಂಬುದು ಯಾವ ವರದಿಯಲ್ಲಿಯೂ ಬರುವುದಿಲ್ಲ. ಚಿಕಿತ್ಸೆಯ ಸೋಲು ನಮಗೆ ಗೊತ್ತಿರುವುದು ಚಿಕಿತ್ಸಕರೇ ಎಣಿಸಿ ಹೇಳಿದ್ದರಿಂದ. ನಮ್ಮ ಪಂಚಾಯಿತಿಯ ಸೋಲು ಗೊತ್ತಿಲ್ಲದಿರುವುದು ನಾವು ಎಣಿಸದಿರುವುದರಿಂದ. ಎಣಿಸದವರು ಎಣಿಸಿದವರನ್ನು ನೋಡಿ ‘ನಿಮ್ಮದು ಅರ್ಧವೇ ಯಶಸ್ಸು’ ಎಂದು ನಗುವುದು ಎಷ್ಟು ಸರಿ?

ಇನ್ನು ಕೆಲವು ಕುಟುಂಬಗಳು ಸ್ವಲ್ಪ ಮುಂದೆ ಬಂದಿವೆ. ಅವು ಸೊಸೆಯನ್ನು ಮಾತ್ರ ಸಮಾಲೋಚಕರ ಬಳಿ ಕಳುಹಿಸುತ್ತವೆ. ‘ಅವಳಿಗೇ ಸ್ವಲ್ಪ ಮಾನಸಿಕ’ ಎಂಬುದು ಸಬೂಬು. ಮಗನಿಗೆ ಅಂಗಡಿ ಬಿಟ್ಟು ಬರಲು ಸಮಯವಿಲ್ಲ! ನ್ಯೂಯಾರ್ಕಿನ ಸ್ಟೋನಿ ಬ್ರೂಕ್‌ನಲ್ಲಿ ಡೇನಿಯಲ್ ಓಲಿಯರಿ ಮತ್ತು ಸ್ಟೀವನ್ ಬೀಚ್ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥವರ ಕಣ್ಣು ತೆರೆಸಬೇಕು. ದಾಂಪತ್ಯ ಕಲಹದ ಜೊತೆ ಖಿನ್ನತೆಯಿಂದ ಬಳಲುತ್ತಿದ್ದ ಪತ್ನಿಯರಲ್ಲಿ ಕೆಲವರಿಗೆ ಒಬ್ಬರಿಗೇ ಅರಿವಿನ ಚಿಕಿತ್ಸೆ, ಕೆಲವರಿಗೆ ಪತಿಯ ಜೊತೆ ದಾಂಪತ್ಯ ಚಿಕಿತ್ಸೆ ಕೊಡಲಾಯಿತು. ಖಿನ್ನತೆ ಎರಡೂ ಗುಂಪಿನಲ್ಲಿ ಇಳಿಯಿತು. ದಾಂಪತ್ಯ ಸುಧಾರಿಸಿದ್ದು ಇಬ್ಬರೂ ಬಂದು ಕುಳಿತ ಗುಂಪಿನಲ್ಲಿ ಮಾತ್ರ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಗಳು 2009ರಿಂದಲೂ, ಸಂಬಂಧದ ಬಿಕ್ಕಟ್ಟು ಖಿನ್ನತೆಗೆ ಕಾರಣವಾಗುತ್ತಿದ್ದರೆ ಜೋಡಿಗೆ ಒಟ್ಟಾಗಿ ವರ್ತನಾ ಚಿಕಿತ್ಸೆ ಕೊಡುವುದನ್ನು ಪರಿಗಣಿಸಲು ಹೇಳುತ್ತಾ ಬಂದಿವೆ. ಅಂಗಡಿಗೆ ವಾರಕ್ಕೊಂದು ಗಂಟೆ ಬೀಗ ಹಾಕಿದರೆ ಯಾವ ಬರ್ಕತ್ತೂ ಕಡಿಮೆಯಾಗುವುದಿಲ್ಲ.

ಆದರೆ ಎಲ್ಲ ಮನೆಗೂ ಈ ಔಷಧ ಸಲ್ಲದು. ಈ ಮಾತನ್ನು ನಾವು ಒತ್ತಿ ಹೇಳಬಯಸುತ್ತೇವೆ. ಲಾಸ್ ಏಂಜಲೀಸ್-ಸಿಯಾಟಲ್ ಪರೀಕ್ಷೆಯಲ್ಲಿ ತೀವ್ರ ಹಿಂಸೆಯಿದ್ದ ಜೋಡಿಗಳನ್ನು ಸೇರಿಸಿಕೊಂಡೇ ಇರಲಿಲ್ಲ. ಹೊಡೆತದ ಭಯವಿರುವ ಹೆಣ್ಣು ಪತಿಯ ಪಕ್ಕದಲ್ಲಿ ಕುಳಿತು ಮನಸ್ಸು ಬಿಚ್ಚಲಾರಳು. ಬಿಚ್ಚಿದರೆ ಆ ರಾತ್ರಿಯೇ ಅದಕ್ಕೆ ಬೆಲೆ ತೆರಬೇಕಾದೀತು. ಆಕೆಯ ಯೋಚನೆಯಲ್ಲಿ ತಿದ್ದಬೇಕಾದದ್ದು ಏನೂ ಇಲ್ಲ, ಆಕೆಯ ಭಯ ಭ್ರಮೆಯಲ್ಲ. ಆಕೆಗೆ ಬೇಕಾದದ್ದು ಮೊದಲು ರಕ್ಷಣೆ. ಅದಕ್ಕಾಗಿ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾನೂನಿದೆ, ಅದು ಎಲ್ಲ ಧರ್ಮದ ಮಹಿಳೆಯರಿಗೂ ಅನ್ವಯಿಸುತ್ತದೆ. ಮೈಮೇಲೆ ಬಾಸುಂಡೆ ಹೊತ್ತು ಬಂದವಳಿಗೆ ‘ಸಬ್ರ್ ಮಾಡು ಮಗಳೇ’ ಎನ್ನುವ ಹಿರಿಯರೂ, ‘ನೀನು ಅದನ್ನು ಬೇರೆ ರೀತಿಯಲ್ಲಿ ಯೋಚಿಸು’ ಎನ್ನುವ ಅರೆಬೆಂದ ಸಮಾಲೋಚಕರೂ ಮಾಡುವ ಅನ್ಯಾಯ ಒಂದೇ. ಮಾತಿನ ವೇಷ ಮಾತ್ರ ಬೇರೆ. ಸಬ್ರ್ ಎಂಬ ಘನವಾದ ಪದವನ್ನು ಹೊಡೆಯುವವನ ಗುರಾಣಿಯಾಗಿ ಬಳಸಲು ಇವರಿಗೆ ಅಧಿಕಾರ ಕೊಟ್ಟವರಾರು?

ಮದ್ರಸದಲ್ಲಿ ಸೂರಃ ಅನ್ನಿಸಾದ ಮೂವತ್ತೈದನೆಯ ವಚನವನ್ನು ಓದಿದವರೆಲ್ಲರೂ ಬಲ್ಲರು, ದಂಪತಿಗಳ ನಡುವೆ ಒಡಕಿನ ಭಯವಿದ್ದಾಗ ಅವನ ಕಡೆಯಿಂದ ಒಬ್ಬ ಹಕಮ್, ಅವಳ ಕಡೆಯಿಂದ ಒಬ್ಬ ಹಕಮ್ ನೇಮಕವಾಗಬೇಕು ಎಂಬುದು ಅಲ್ಲಿಯ ನಿರ್ದೇಶ. ಈ ಹಕಮ್‌ಗಳಿಗೆ ದಂಪತಿಗಳನ್ನು ಬೇರ್ಪಡಿಸುವ ಅಧಿಕಾರವಿದೆಯೇ ಎಂಬ ಬಗ್ಗೆ ಮಾಲಿಕೀ ಮತ್ತು ಹನಫೀ ಫುಕಹಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಸುಧಾರಣೆಯೇ ಅವರ ಉದ್ದೇಶವಾಗಿರಬೇಕು ಎಂಬ ಬಗ್ಗೆ ಯಾವ ಭಿನ್ನಾಭಿಪ್ರಾಯವೂ ಇಲ್ಲ. ನಮ್ಮ ಮೇಜಿನ ಸುತ್ತ ಕೂರುವವರಲ್ಲಿ ಅವಳ ಕಡೆಯವನೆಂದು ಅವಳೇ ಆರಿಸಿದವನು ಎಷ್ಟು ಬಾರಿ ಇದ್ದಾನೆ? 2002ರಲ್ಲಿ ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ತಲಾಕ್‌ಗೆ ಸಕಾರಣವಿರಬೇಕು, ಅದಕ್ಕೂ ಮುನ್ನ ಎರಡೂ ಕಡೆಯ ಮಧ್ಯಸ್ಥರಿಂದ ಸಂಧಾನದ ಪ್ರಯತ್ನ ನಡೆದಿರಬೇಕು ಎಂದು ಹೇಳಿತು. ನಮ್ಮ ಗ್ರಂಥದ ನಿರ್ದೇಶವನ್ನೇ ನಮಗೆ ನ್ಯಾಯಾಲಯ ನೆನಪಿಸಬೇಕಾಯಿತು. ಆಗಲೇ ನಾವು ಸಂಧಾನವನ್ನು ವ್ಯವಸ್ಥಿತವಾಗಿ ಕಟ್ಟಿದ್ದರೆ, 2017ರ ತೀರ್ಪಿನ ಮತ್ತು ಪತಿಗೆ ಮೂರು ವರ್ಷಗಳ ತನಕ ಜೈಲು ವಿಧಿಸುವ 2019ರ ಕಾನೂನಿನ ಹೊತ್ತಿಗೆ ನಮ್ಮ ಕೈಯಲ್ಲಿ ಪ್ರತಿಭಟನೆಯ ಫಲಕವಲ್ಲದೆ ತೋರಿಸಲು ಬೇರೇನಾದರೂ ಇರುತ್ತಿತ್ತು.

ಚಿಕಿತ್ಸೆ ಎಂದರೆ ಹೇಗಾದರೂ ಮಾಡಿ ಒಟ್ಟಿಗೆ ಇರಿಸುವುದು ಎಂದೂ ಭಾವಿಸಬಾರದು. ಬರೀರಾರ ಪ್ರಸಂಗ ನಮಗೆಲ್ಲ ತಿಳಿದದ್ದೇ. ಪತಿ ಮುಗೀಸ್ ಕಣ್ಣೀರಿಡುತ್ತಾ ಬೀದಿಯಲ್ಲಿ ಹಿಂಬಾಲಿಸುತ್ತಿದ್ದಾಗ ಪ್ರವಾದಿಯವರು(ಸ) ಆಕೆಯ ಬಳಿ ಮರುಚಿಂತನೆಗೆ ಸೂಚಿಸಿದರು. ಇದು ಆಜ್ಞೆಯೇ ಎಂದು ಆಕೆ ಕೇಳಿದರು. ಅಲ್ಲ, ಶಿಫಾರಸು ಮಾತ್ರ ಎಂಬ ಉತ್ತರ ಬಂದಾಗ ಆಕೆ ನಿರಾಕರಿಸಿದರು, ಆ ನಿರಾಕರಣೆಯನ್ನು ಗೌರವಿಸಲಾಯಿತು. ನಮ್ಮ ಜಮಾಅತ್ ಕೋಣೆಯಲ್ಲಿ ಇಂದು ಹೆಣ್ಣೊಬ್ಬಳು ಹಾಗೆ ಪ್ರಶ್ನಿಸಿದರೆ ಎಷ್ಟು ಮಂದಿ ಮುಖ ಗಂಟಿಕ್ಕದೆ ಉತ್ತರಿಸಿಯಾರು?

‘ಊರಲ್ಲಿ ಚಿಕಿತ್ಸಕರೆಲ್ಲಿ?’ ಎಂಬ ಪ್ರಶ್ನೆ ನ್ಯಾಯವಾದದ್ದು. ತರಬೇತಾದವರು ಕಡಿಮೆ, ಇರುವವರು ದೊಡ್ಡ ನಗರಗಳಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ; ಆದರೆ ಬೀದರ್‌ನ ಅಥವಾ ಭಟ್ಕಳದ ಜೋಡಿ ವಾರವಾರ ಅಲ್ಲಿಗೆ ಹೋಗಲಾದೀತೇ? 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಉಚಿತ ದೂರವಾಣಿ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಮೊದಲ ಮಾತುಕತೆಯಾದರೂ ಸಿಗುತ್ತದೆ, ಅದೂ ಕನ್ನಡದಲ್ಲಿ. ಅಮೆರಿಕದಲ್ಲಿ ಕ್ರಿಸ್ಟೆನ್‌ಸನ್ ಪದ್ಧತಿಯನ್ನೇ ಆಧರಿಸಿ ಸಿದ್ಧಪಡಿಸಿದ ಅಂತರಜಾಲ ಕಾರ್ಯಕ್ರಮವನ್ನು 300 ಜೋಡಿಗಳ ಮೇಲೆ ಪರೀಕ್ಷಿಸಿ, ಮನೆಯಿಂದಲೇ ಪಡೆದರೂ ಪ್ರಯೋಜನವಿದೆಯೆಂದು 2016ರಲ್ಲಿ ತೋರಿಸಲಾಗಿದೆ. ಗಲ್ಫ್‌ನಲ್ಲಿ ಪತಿಯಿರುವ ಸಾವಿರಾರು ಮನೆಗಳಿಗೆ ಇದು ಯೋಚಿಸಬೇಕಾದ ವಿಷಯ. ಹೋಗುವಾಗ ಚಿಕಿತ್ಸಕರ ಅರ್ಹತೆ ಕೇಳಲು ಸಂಕೋಚಪಡಬೇಡಿ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮೂರು ದಿನದ ಶಿಬಿರದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದವರ ಕೈಗೆ ಸಂಸಾರ ಒಪ್ಪಿಸುವುದು, ಕಾಂಪೌಂಡರನ ಕೈಗೆ ಶಸ್ತ್ರಚಿಕಿತ್ಸೆ ಒಪ್ಪಿಸಿದಂತೆ.

ಜಮಾಅತ್‌ಗಳ ಮುಂದೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮದುವೆ ಸಭಾಂಗಣದ ಹವಾನಿಯಂತ್ರಣಕ್ಕೆ ಲಕ್ಷಗಟ್ಟಲೆ ಚಂದಾ ಎತ್ತುವ ನಾವು, ಪಕ್ಕದ ನಗರದಿಂದ ಅರ್ಹ ಚಿಕಿತ್ಸಕರೊಬ್ಬರನ್ನು ತಿಂಗಳಿಗೆ ಎರಡು ಬಾರಿ ಕರೆಸುವ ಖರ್ಚನ್ನು ಭರಿಸಬಲ್ಲೆವು. ಅವರ ಕೋಣೆ ಜಮಾಅತ್ ಕಚೇರಿಯಿಂದ ದೂರವಿರಲಿ, ಒಳಗೆ ಆಡಿದ ಮಾತು ಯಾವ ಪದಾಧಿಕಾರಿಯ ಕಿವಿಗೂ ಬೀಳದಿರಲಿ. ಕಲಹದ ದೂರು ಬಂದ ದಿನ ಹಿರಿಯರು ಮೊದಲು ಹಿಂಸೆಯಿದೆಯೇ ಎಂದು ಹೆಣ್ಣನ್ನು ಬೇರೆಯಾಗಿ, ಮಹಿಳೆಯೊಬ್ಬರ ಮೂಲಕ ವಿಚಾರಿಸಲಿ. ಇದ್ದರೆ ರಾಜಿಯ ಮಾತನ್ನೇ ಎತ್ತದಿರಲಿ. ಇಲ್ಲದಿದ್ದರೆ ತೀರ್ಪು ಕೊಡುವ ಆತುರ ಬಿಟ್ಟು ಇಬ್ಬರನ್ನೂ ಒಟ್ಟಿಗೆ ಆ ಕೋಣೆಗೆ ಕಳುಹಿಸಲಿ. ಮತ್ತು ಪ್ರತಿ ಜಮಾಅತ್‌ನಲ್ಲಿ ನಿಕಾಹ್ ನೋಂದಣಿಯ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿರಲಿ. ಹೆಸರು ಬೇಡ, ಸಂಖ್ಯೆ ಸಾಕು: ಈ ವರ್ಷ ಎಷ್ಟು ಜೋಡಿಗಳು ಬಂದವು, ಎಷ್ಟು ಮರಳಿ ಸೇರಿದವು, ಒಂದು ವರ್ಷದ ಬಳಿಕ ಪತ್ನಿಯನ್ನೂ ಪತಿಯನ್ನೂ ಬೇರೆಬೇರೆಯಾಗಿ ಕೇಳಿದಾಗ ಅವರೇನೆಂದರು, ಎರಡು ವರ್ಷದ ಬಳಿಕ ಏನೆಂದರು. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚಿನ ಜೊತೆ ಈ ಪುಟವನ್ನೂ ಓದಿ ಹೇಳುವ ಜಮಾಅತ್ ಯಾವುದೆಂದು ತಿಳಿಯಲು ನಾವು ಕಾದಿದ್ದೇವೆ.